ಹಾಸನದಿಂದ ಹೋಗಿ ಲಾಲ್‌ಬಾಗ್‌ನಲ್ಲಿ ನೆಮ್ಮದಿಯಾಗಿ ಒಂದು ದಿನ ಕಳೆಯೋದು ಹೇಗೆ? ಸಮಗ್ರ ಮಾರ್ಗದರ್ಶಿ

ಲಾಲ್‌ಬಾಗ್ ನೋಡಿ ಬಂದ ಹಾಸನದವರನ್ನು ಕೇಳಿ ನೋಡಿ. "ಚೆನ್ನಾಗೇನೋ ಇತ್ತು, ಆದ್ರೆ ಏನ್ ಜನ ಅಂತೀರಾ, ತಲೆನೋವು ಬಂದೋಯ್ತು" ಅನ್ನುತ್ತಾರೆ. ಕಬ್ಬನ್ ಪಾರ್ಕಿಗೆ ಹೋದವರದ್ದೂ ಇದೇ ಮಾತು. ಸ್ವಲ್ಪ ಕೆದಕಿದರೆ ಕಾರಣ ಸಿಗುತ್ತದೆ. ಹೋಗಿದ್ದು ಭಾನುವಾರ. ಕಾರಿನಲ್ಲಿ ಹೋಗಿದ್ದು. ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಉರಿಬಿಸಿಲಿನ ಹೊತ್ತಿಗೆ ತೋಟ ಸೇರಿದ್ದು. ಅದಕ್ಕೂ ಮೊದಲು ಇಸ್ಕಾನ್ ಆಗಿತ್ತು, ಆಮೇಲೆ ಚಿಕ್ಕಪೇಟೆ ಸೀರೆ ಬಾಕಿ ಇತ್ತು.

ಇಷ್ಟೆಲ್ಲದರ ನಡುವೆ ತೋಟದಲ್ಲಿ ಕೂರೋಕೆ ಎಲ್ಲಿ ಪುರುಸೊತ್ತು? ಲಾಲ್‌ಬಾಗ್‌ನಲ್ಲಿ ನೆಮ್ಮದಿಗೆ ಬರ ಇಲ್ಲ. ಅದು ಯಾವ ದಿನ, ಯಾವ ಹೊತ್ತಿಗೆ, ಯಾವ ಮೂಲೆಯಲ್ಲಿ ಸಿಗುತ್ತದೆ ಅನ್ನೋದು ಗೊತ್ತಿರಬೇಕು ಅಷ್ಟೇ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲೆರಡು ಹಂತ ಮನೆಯಲ್ಲೇ ಮುಗಿಯಬೇಕು. ಅಲ್ಲಿ ಎಡವಿದರೆ ಮುಂದಿನದು ಎಷ್ಟು ಸರಿ ಮಾಡಿದರೂ ಉಪಯೋಗ ಇಲ್ಲ.

ಹಂತ 1: ದಿನ ಗೊತ್ತು ಮಾಡಿ

ಮಂಗಳವಾರ, ಬುಧವಾರ, ಗುರುವಾರ. ಈ ಮೂರರಲ್ಲಿ ಒಂದು ದಿನ ಆರಿಸಿ. ಸೋಮವಾರ ಬೆಳಗ್ಗೆ ಊರಿಂದ ಬೆಂಗಳೂರಿಗೆ ವಾಪಸ್ ಹೋಗುವ ಕೆಲಸದವರಿಂದ ಬಸ್ಸು, ರೈಲು ಎರಡೂ ತುಂಬಿರುತ್ತವೆ. ಶುಕ್ರವಾರ ಸಂಜೆ ಅದೇ ಜನ ಊರಿಗೆ ಬರುತ್ತಾರೆ. ಹೋಗುವಾಗ ಆರಾಮ, ಬರುವಾಗ ನಿಂತು ಬರಬೇಕು. ಶನಿವಾರ, ಭಾನುವಾರದ ಮಾತೇ ಬೇಡ.

"ರಜೆ ಸಿಗೋದೇ ಭಾನುವಾರ" ಅನ್ನುವವರು ಹಿಂದಿನ ರಾತ್ರಿಯೇ ಬೆಂಗಳೂರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಬೆಳಗ್ಗೆ ಆರಕ್ಕೆ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ, ಒಂಬತ್ತರೊಳಗೆ ಹೊರಗೆ ಬನ್ನಿ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಆಟೋ ಮಾತಾಡಿಟ್ಟುಕೊಳ್ಳಿ. ಅವತ್ತೇ ಹಾಸನದಿಂದ ಹೊರಟು ಅವತ್ತೇ ನೆಮ್ಮದಿ ಹುಡುಕೋದು ಆಗದ ಮಾತು.

ತಪ್ಪಿಸಲೇಬೇಕಾದ ದಿನಗಳು ಇವು:

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸು. ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವು ನೋಡೋಕೆ ಹೋಗೋದಾದರೆ ಖಂಡಿತ ಹೋಗಿ, ಅದು ನೋಡಬೇಕಾದ್ದೇ. ಆದರೆ ಗಾಜಿನ ಮನೆಯೊಳಗೆ ಹಿಂದಿನವರು ತಳ್ಳಿದಂತೆ ಮುಂದೆ ಹೋಗಬೇಕಾಗುತ್ತದೆ. ನೆಮ್ಮದಿಯ ಲೆಕ್ಕಕ್ಕೆ ಅದು ಬರೋದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು. ವಾರದ ನಡುವೆಯೂ ಬರುತ್ತವೆ.

ನಮ್ಮಲ್ಲಿ ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳು. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ದೀಪಾವಳಿ ಹೊತ್ತಿಗೆ ಬೆಂಗಳೂರಿಂದ ಹಾಸನಕ್ಕೆ ಬರುವ ಬಸ್ಸುಗಳಲ್ಲಿ ದರ್ಶನಕ್ಕೆ ಬರುವವರೇ ತುಂಬಿರುತ್ತಾರೆ. ಸಂಜೆ ವಾಪಸ್ ಬರುವಾಗ ನಿಮಗೇ ಸೀಟಿಲ್ಲ.

ಇನ್ನು ಕಾಲ. ಮಾರ್ಚ್ ಕೊನೆಯಿಂದ ಮೇವರೆಗೆ ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು ಗಾಳಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಮಳೆ. ನನ್ನ ಮಟ್ಟಿಗೆ ಒಳ್ಳೆಯ ಕಾಲ ಅಂದ್ರೆ ಜೂನ್ ಕೊನೆ ಮತ್ತು ಜುಲೈ. ಸಕಲೇಶಪುರದ ಕಡೆ ಮಳೆ ಬಿಡದೆ ಹಿಡಿದಿರುವಾಗ ಬೆಂಗಳೂರಿನಲ್ಲಿ ಮೋಡ, ತಂಗಾಳಿ, ನಡುನಡುವೆ ನಾಲ್ಕು ಹನಿ. ಆಷಾಢ ಅಂತ ಮದುವೆ ಮುಂಜಿಯೂ ಇರೋದಿಲ್ಲ, ಮನೆಮಂದಿಗೆಲ್ಲ ಬಿಡುವು. ಹೂವಿನ ಮರ ನೋಡುವ ಆಸೆ ಇದ್ದರೆ ಫೆಬ್ರುವರಿ, ಮಾರ್ಚ್ ಮೊದಲ ವಾರಗಳು ಸರಿ. ಟಬೆಬುಯಾ ಗುಲಾಬಿ, ಹಳದಿ ಬಣ್ಣದಲ್ಲಿ ಅರಳುವುದು ಆಗಲೇ.

ಹಂತ 2: ಒಂದು ದಿನಕ್ಕೆ ಒಂದೇ ತೋಟ

ಲಾಲ್‌ಬಾಗ್ 240 ಎಕರೆ ಇದೆ. ಕಬ್ಬನ್ ಪಾರ್ಕ್ ಸುಮಾರು 300 ಎಕರೆ. ನಮ್ಮ ಮಹಾರಾಜ ಪಾರ್ಕಿನ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು ಇಲ್ಲಿಯೇ ಸೋಲುತ್ತಾರೆ. ಎರಡನ್ನೂ ಒಂದೇ ದಿನ ನೋಡ್ತೀವಿ ಅಂದರೆ ನಡೆಯೋದಷ್ಟೇ ಆಗುತ್ತದೆ, ಕೂರೋದಕ್ಕಾಗೋದಿಲ್ಲ.

ಹಾಸನದಿಂದ ಹೋಗುವವರಿಗೆ ಲಾಲ್‌ಬಾಗ್ ಸರಿ. ಮೆಟ್ರೋ ಬದಲಿಸದೆ ನೇರ ಹೋಗಬಹುದು. ಸುತ್ತ ಕಾಂಪೌಂಡ್ ಇದೆ, ಒಳಗೆ ಊರಿನ ವಾಹನಗಳ ಓಡಾಟ ಇಲ್ಲ. ಕಬ್ಬನ್ ಪಾರ್ಕಿನೊಳಗೆ ವಾರದ ದಿನಗಳಲ್ಲಿ ಕಾರು, ಸ್ಕೂಟರ್ ಹಾದುಹೋಗುತ್ತಿರುತ್ತವೆ. ಭಾನುವಾರ ವಾಹನ ಇರೋದಿಲ್ಲ, ಜನ ಇರುತ್ತಾರೆ. ಅಲ್ಲಿಗೆ ಬರೋರು ಪಾರ್ಕಿನ ಪಕ್ಕದಲ್ಲೇ ಇರುವವರಾದರೆ ಪರವಾಗಿಲ್ಲ, ಹೊತ್ತು ನೋಡಿ ಬರುತ್ತಾರೆ. ದೂರದಿಂದ ಹೋಗುವ ನಮಗೆ ಆ ಅನುಕೂಲ ಇಲ್ಲ.

ಜೊತೆಗೆ ಅಜ್ಜ ಅಜ್ಜಿ ಇದ್ದರೆ ಒಂದು ವಾರ ಮೊದಲು ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋಗಿ ಸುಮ್ನೆ ಒಂದು ಗಂಟೆ ನಡೆಸಿ ನೋಡಿ. ಎಷ್ಟು ಹೊತ್ತಿಗೆ ಬೆಂಚು ಹುಡುಕುತ್ತಾರೆ ಅನ್ನೋದನ್ನು ನೆನಪಿಟ್ಟುಕೊಳ್ಳಿ. ಲಾಲ್‌ಬಾಗ್‌ನಲ್ಲಿ ದುಡ್ಡು ಕೊಟ್ಟರೆ ಬ್ಯಾಟರಿ ಗಾಡಿಯಲ್ಲಿ ಸುತ್ತಿಸುತ್ತಾರೆ. ಅದು ಬೇಕೋ ಬೇಡವೋ ಅನ್ನೋದು ಈ ಒಂದು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ.

ಹಂತ 3: ಚೀಲ ಕಟ್ಟಿ

ಒಬ್ಬರಿಗೆ ಒಂದು ಹೆಗಲ ಚೀಲ. ಅದಕ್ಕಿಂತ ಜಾಸ್ತಿ ಬೇಡ.

ಸ್ಟೀಲ್ ನೀರಿನ ಬಾಟಲಿ. ಲಾಲ್‌ಬಾಗ್‌ನಲ್ಲಿ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಹಾಲಿನ ಕವರಿನಲ್ಲಿ ಚಕ್ಕುಲಿ ಕಟ್ಟಿಕೊಂಡು ಹೋದರೆ ಗೇಟಿನಲ್ಲೇ ಮಾತು ಕೇಳಬೇಕಾಗುತ್ತದೆ.

ಕೂರೋಕೆ ಒಂದು ಹಳೆಯ ಪಂಚೆ ಅಥವಾ ಬೆಡ್‌ಶೀಟ್ ತುಂಡು. ಕೊಡೆ, ಟೋಪಿ. ಜಾರದ ಚಪ್ಪಲಿ ಅಥವಾ ಶೂ. ಬಂಡೆ ಹತ್ತಬೇಕಿರುವುದರಿಂದ ಹೊಸ ಚಪ್ಪಲಿ, ಹೀಲ್ಸ್ ಬೇಡ.

ಆಧಾರ್ ಕಾರ್ಡ್. ಹೆಂಗಸರು ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸಿನಲ್ಲಿ ಹೋಗುವುದಾದರೆ ಇದು ಬೇಕು. ರಾಜಹಂಸ, ಐರಾವತಕ್ಕೆ ಆ ಸೌಲಭ್ಯ ಇಲ್ಲ.

ಚಿಲ್ಲರೆ ದುಡ್ಡು. ಶೌಚಾಲಯಕ್ಕೆ, ಪ್ರವೇಶದ ಟಿಕೆಟ್‌ಗೆ. ಫೋನ್‌ನಲ್ಲಿ ಕೊಡೋಣ ಅಂದ್ರೆ ಆ ಹೊತ್ತಿಗೇ ನೆಟ್‌ವರ್ಕ್ ಕೈ ಕೊಡುತ್ತದೆ.

ಬಿಟ್ಟು ಹೋಗಬೇಕಾದ್ದು: ಹಣ್ಣು ಹೆಚ್ಚುವ ಚಾಕು. ಮೆಟ್ರೋದಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಅಲ್ಲಿ ಸಿಕ್ಕಿಬೀಳುತ್ತದೆ. ಘಾಟು ವಾಸನೆಯ ಸೆಂಟು ಕೂಡ ಬೇಡ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಹಂತ 4: ಹಾಸನದಿಂದ ಹೊರಡಿ, ಮೆಜೆಸ್ಟಿಕ್‌ವರೆಗೆ ಹೋಗಬೇಡಿ

ರೈಲು ಎಲ್ಲಕ್ಕಿಂತ ಒಳ್ಳೆಯದು. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹೋಗುವ ಮಾರ್ಗ 2017ರಲ್ಲಿ ಶುರುವಾದ ಮೇಲೆ ಅರಸೀಕೆರೆ ಸುತ್ತುವ ಕೆಲಸ ತಪ್ಪಿದೆ. ಬೆಳಗ್ಗೆ ಹಾಸನ ಬಿಟ್ಟು ಯಶವಂತಪುರಕ್ಕೆ ಹೋಗುವ, ಸಂಜೆ ಅಲ್ಲಿಂದ ವಾಪಸ್ ಬರುವ ಇಂಟರ್‌ಸಿಟಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹೋಗಿ ಬರುವ ಎರಡೂ ಟಿಕೆಟ್ ಒಟ್ಟಿಗೇ ಮಾಡಿಸಿ. ಹೊರಡುವ ಮುನ್ನ ವೇಳಾಪಟ್ಟಿ ಮತ್ತೊಮ್ಮೆ ನೋಡಿ. ಕೆಲವರು ಹೋಗೋ ಟಿಕೆಟ್ ಮಾತ್ರ ತಗೊಂಡು, ಬರೋದು ಆಮೇಲೆ ನೋಡ್ಕೊಳ್ಳೋಣ ಅಂತಾರೆ. ತೋಟದಲ್ಲಿ ಕೂತಾಗಲೂ ಅದೇ ಚಿಂತೆ ಕೊರೆಯುತ್ತಿರುತ್ತದೆ.

ಬಸ್ಸಾದರೆ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ದಾರಿ ಎಲ್ಲರಿಗೂ ಗೊತ್ತಿರೋದೇ. ಎಡವೋದು ಎಲ್ಲಿ ಅಂದ್ರೆ, ಟಿಕೆಟ್ ಮೆಜೆಸ್ಟಿಕ್‌ಗೆ ತಗೊಂಡಿದ್ದೀವಲ್ಲ ಅಂತ ಅಲ್ಲಿಯವರೆಗೂ ಕೂತುಬಿಡುತ್ತಾರೆ. ತುಮಕೂರು ರಸ್ತೆಯ ಉದ್ದಕ್ಕೂ ತಲೆ ಮೇಲೆ ಮೆಟ್ರೋ ಓಡುತ್ತಿರುತ್ತದೆ, ಕೆಳಗೆ ಬಸ್ಸು ತೆವಳುತ್ತಿರುತ್ತದೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ, ಎಲ್ಲಿ ಇಳಿದರೂ ಮೆಟ್ರೋ ನಿಲ್ದಾಣ ಹತ್ತಿರದಲ್ಲೇ ಇದೆ.

ಒಂದು ಎಚ್ಚರಿಕೆ. ಬಸ್ಸು ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟರೆ ನಡುವಿನ ಸ್ಟಾಪ್‌ಗಳು ಸಿಗೋದಿಲ್ಲ, ಗೊರಗುಂಟೆಪಾಳ್ಯದಲ್ಲೇ ಇಳಿಯಬೇಕು. ನೆಲಮಂಗಲ ಬಂದಾಗಲೇ ಕಂಡಕ್ಟರ್‌ಗೆ "ಅಣ್ಣಾ, ಮೇಲಿಂದ ಹೋಗ್ತೀರಾ ಕೆಳಗಿಂದನಾ?" ಅಂತ ಕೇಳಿಬಿಡಿ.

ಕಾರಿನಲ್ಲೇ ಹೋಗ್ತೀವಿ ಅನ್ನುವವರು ಕಾರನ್ನು ನಾಗಸಂದ್ರ ಮೆಟ್ರೋ ಹತ್ತಿರ ನಿಲ್ಲಿಸಿ. ಅಲ್ಲಿಂದ ಮುಂದಕ್ಕೆ ಕಾರು ಒಂದು ಹೊರೆಯೇ ಹೊರತು ಅನುಕೂಲ ಅಲ್ಲ.

ಹಂತ 5: ಹಸಿರು ಮಾರ್ಗದ ಮೆಟ್ರೋ

ಯಶವಂತಪುರ ರೈಲು ನಿಲ್ದಾಣದಿಂದ ತುಮಕೂರು ರಸ್ತೆ ಕಡೆಗೆ ಹೊರಗೆ ಬನ್ನಿ. ಮೆಟ್ರೋ ಕಾಣುತ್ತದೆ. "ರೇಷ್ಮೆ ಸಂಸ್ಥೆ ಕಡೆಗೆ" ಅಂತ ಬರೆದಿರುವ ಪ್ಲಾಟ್‌ಫಾರ್ಮ್ ಹತ್ತಿ. ಎದುರಿನದ್ದು ಮಾದಾವರಕ್ಕೆ ಹೋಗುತ್ತದೆ, ಅಂದರೆ ಬಂದ ದಾರಿಗೇ ವಾಪಸ್.

ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುತ್ತಾರೆ. ಹೆದರಬೇಡಿ, ಇಳಿಯಬೇಡಿ. ಆಮೇಲೆ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ನ್ಯಾಷನಲ್ ಕಾಲೇಜು. ಅದರ ಮುಂದಿನದೇ ಲಾಲ್‌ಬಾಗ್. ಅರ್ಧ ಗಂಟೆಯ ಪ್ರಯಾಣ ಅಷ್ಟೇ. ಮಕ್ಕಳ ಕೈಗೆ ತಿಂಡಿ ಕೊಡಬೇಡಿ, ಮೆಟ್ರೋದಲ್ಲಿ ತಿನ್ನುವಂತಿಲ್ಲ.

ಹೊರಗೆ ಬಂದ ಮೇಲೆ ಯಾರನ್ನಾದರೂ ಕೇಳುವಾಗ "ಲಾಲ್‌ಬಾಗ್ ಎಲ್ಲಿ" ಅಂತ ಕೇಳಬೇಡಿ. "ಲಾಲ್‌ಬಾಗ್ ಪಶ್ಚಿಮ ಗೇಟ್ ಎಲ್ಲಿ" ಅಂತ ಕೇಳಿ. ತೋಟಕ್ಕೆ ನಾಲ್ಕು ದಿಕ್ಕಿಗೂ ಬಾಗಿಲಿದೆ. ಆಟೋದವರು ಮುಖ್ಯ ಗೇಟಿಗೆ ಸುತ್ತಿಸಿಕೊಂಡು ಹೋಗಿ ಬಿಟ್ಟರೆ ಬಾಡಿಗೆಯೂ ದಂಡ, ಪ್ರವಾಸಿ ಬಸ್ಸುಗಳ ಗುಂಪಿನಲ್ಲೂ ಸೇರಿಕೊಳ್ಳುತ್ತೀರಿ. ಮೆಟ್ರೋದಿಂದ ಪಶ್ಚಿಮ ಗೇಟಿಗೆ ನಡೆದೇ ಹೋಗಬಹುದು.

ಗೇಟ್ ದಾಟುವ ಮುನ್ನ ಮನೆಮಂದಿಯೆಲ್ಲ ಒಂದು ಮಾತು ಆಡಿಕೊಳ್ಳಿ: ತಪ್ಪಿಸಿಕೊಂಡರೆ ಎಲ್ಲಿ ಸೇರೋದು? ಬಹಳ ಜನ "ಗಾಜಿನ ಮನೆ ಹತ್ತಿರ" ಅಂತಾರೆ. ಗಾಜಿನ ಮನೆ ದೊಡ್ಡದು, ಯಾವ ಕಡೆಯಿಂದ ನೋಡಿದರೂ ಒಂದೇ ತರಹ ಕಾಣುತ್ತದೆ. ಅಮ್ಮ ಈ ಕಡೆ, ಮಗ ಆ ಕಡೆ ನಿಂತು ಫೋನ್‌ನಲ್ಲಿ ಜಗಳ ಆಡುತ್ತಾರೆ. ಪಶ್ಚಿಮ ಗೇಟಿನ ಟಿಕೆಟ್ ಕೌಂಟರ್ ಅಂತಲೇ ಇಟ್ಟುಕೊಳ್ಳಿ.

ಹಂತ 6: ಒಳಗೆ ಹೋದ ಮೇಲೆ ಕ್ರಮ ತಿರುಗಿಸಿ

ಇಡೀ ದಿನದ ನೆಮ್ಮದಿ ಈ ಹಂತದಲ್ಲಿದೆ. ಎಲ್ಲರೂ ಮಾಡೋದು ಹೀಗೆ: ಗೇಟ್, ಗಾಜಿನ ಮನೆ, ಫೋಟೋ, ಹೂವಿನ ಗಡಿಯಾರ, ಫೋಟೋ, ಬಂಡೆ, ಸುಸ್ತು, ಐಸ್‌ಕ್ರೀಂ, ಮನೆ. ಕೆರೆ ಕಡೆಗೆ ಹೋಗುವಷ್ಟರಲ್ಲಿ ಕಾಲು ಬಿದ್ದುಹೋಗಿರುತ್ತದೆ. ನೀವು ಬಂಡೆ, ಮರ, ಕೆರೆ, ಕೊನೆಗೆ ಬೇಕಿದ್ದರೆ ಗಾಜಿನ ಮನೆ, ಹೀಗೆ ಹೋಗಿ.

ಮೊದಲು ಬಂಡೆ. ಕೆಂಪೇಗೌಡರ ಗೋಪುರ ಇರುವ ಬಂಡೆ ಇದು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಹತ್ತು ಹತ್ತೂವರೆಯೊಳಗೆ ಹತ್ತಿ ಇಳಿದುಬಿಡಿ. ಅಲ್ಲಿ ನೆರಳಿಲ್ಲ. ಹನ್ನೆರಡಕ್ಕೆ ಹೋದರೆ ಕಲ್ಲು ಕಾದು ಕಾವು ಚಪ್ಪಲಿಯೊಳಕ್ಕೂ ಬರುತ್ತದೆ. ಇಂದ್ರಬೆಟ್ಟ ಹತ್ತಿ ಅಭ್ಯಾಸ ಇರುವ ನಮ್ಮವರಿಗೆ ಇದು ಲೆಕ್ಕಕ್ಕೇ ಇಲ್ಲ ಅನ್ನಿಸಬಹುದು. ಆದರೆ ಮಳೆ ಬಿದ್ದಿದ್ದರೆ ಹತ್ತಬೇಡಿ. ಇಲ್ಲಿ ಮೆಟ್ಟಿಲಿಲ್ಲ, ಬರೀ ಬೋಳು ಕಲ್ಲು. ಹತ್ತುವಾಗ ಏನೂ ಅನ್ನಿಸೋದಿಲ್ಲ, ಇಳಿಯುವಾಗ ಜಾರುತ್ತದೆ.

ಆಮೇಲೆ ಬೂರುಗದ ಮರ. ಹಳೆಯ ದೊಡ್ಡ ಬೂರುಗದ ಮರವೊಂದಿದೆ, ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬೇರು ನೆಲದ ಮೇಲೆ ಹಲಗೆ ಹಲಗೆಯಾಗಿ ಎದ್ದು, ಬುಡದ ಸುತ್ತ ಗೋಡೆಗಳ ಹಾಗೆ ಹರಡಿದೆ. ಎರಡು ಬೇರಿನ ನಡುವಿನ ಸಂದಿಯಲ್ಲಿ ಒಣಗಿದ ಎಲೆ ತುಂಬಿಕೊಂಡು, ಅದರ ಮೇಲೆ ಇರುವೆ ಸಾಲು ಹೋಗುತ್ತಿರುತ್ತದೆ. ಮರವನ್ನು ಮೇಲೆ ನೋಡುವ ಮೊದಲು ಬುಡ ನೋಡಿ, ಆಮೇಲೆ ನಿಧಾನಕ್ಕೆ ತಲೆ ಎತ್ತಿ. ಬೇರಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವವರನ್ನು ನೋಡಿ ನೀವೂ ಹತ್ತಬೇಡಿ.

ಹನ್ನೊಂದರ ಹೊತ್ತಿಗೆ ಕೆರೆ. ಪಶ್ಚಿಮ ಗೇಟಿನಿಂದ ಒಳಗೆ ಬರುವಾಗ ನಿಮ್ಮ ಬಲಗೈ ಕಡೆ, ದಕ್ಷಿಣದಲ್ಲಿದೆ. ವಾರದ ದಿನ ಈ ಹೊತ್ತಿಗೆ ಬೆಳಗಿನ ವಾಕಿಂಗ್‌ನವರು ಮನೆ ಸೇರಿರುತ್ತಾರೆ, ಸಂಜೆಯವರು ಇನ್ನೂ ಬಂದಿರೋದಿಲ್ಲ. ಹನ್ನೊಂದರಿಂದ ಮೂರರವರೆಗೆ ತೋಟ ನಿಮ್ಮದೇ. ದಂಡೆಯ ನೆರಳಲ್ಲಿ ಪಂಚೆ ಹಾಸಿ. ಫೋನ್ ಚೀಲಕ್ಕೆ ಹಾಕಿ.

ಮೊದಲ ಹತ್ತು ನಿಮಿಷ ಏನೂ ಅನ್ನಿಸೋದಿಲ್ಲ. ದೂರದ ಹಾರನ್ ಕೇಳಿಸುತ್ತಲೇ ಇರುತ್ತದೆ, ಇಷ್ಟಕ್ಕೇನಾ ಬಂದದ್ದು ಅನ್ನಿಸುತ್ತದೆ. ಬಹಳ ಜನ ಎದ್ದು ಹೋಗೋದು ಇಲ್ಲೇ. ಏಳಬೇಡಿ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳೋದು, ಹೆಜ್ಜಾರ್ಲೆ ನೀರಿನ ಮೇಲೆ ತೇಲೋದು ಆಮೇಲೆ ಕಣ್ಣಿಗೆ ಬೀಳುತ್ತದೆ. ಕುಟ್ರುಹಕ್ಕಿಯ ಕೂಗು ನಮ್ಮ ತೋಟಗಳಲ್ಲಿ ಕೇಳಿರುವಂಥದ್ದೇ. ಅದು ಕಿವಿಗೆ ಬಿದ್ದ ಮೇಲೆ ಹಾರನ್ ಹಿಂದಕ್ಕೆ ಸರಿಯುತ್ತದೆ.

ಅಜ್ಜಿಯರಿಗೊಂದು ಮಾತು. "ಒಂದೇ ಒಂದು ಕಡ್ಡಿ ಮುರ್ಕೋತೀನಿ, ಹಿತ್ತಲಲ್ಲಿ ನೆಡೋಣ" ಅಂತ ಕೈ ಹಾಕಬೇಡಿ. ಕಾವಲುಗಾರರು ನೋಡುತ್ತಿರುತ್ತಾರೆ, ಮೊಮ್ಮಕ್ಕಳ ಮುಂದೆ ಮಾನ ಹೋಗುತ್ತದೆ. ಲಾಲ್‌ಬಾಗ್‌ನಲ್ಲೇ ಗಿಡ, ಬೀಜ ಮಾರುವ ಮಳಿಗೆ ಇದೆ. ಬೀಜ ತಗೊಳ್ಳಿ. ಕುಂಡ ಹೊತ್ತುಕೊಂಡು ಮೆಟ್ರೋ, ರೈಲು ಎರಡೂ ಹತ್ತೋದು ಕಷ್ಟ.

ಹಂತ 7: ಊಟ

ತೋಟದ ಹೊರಗೆ ಮಾಡಿ. ಹತ್ತಿರದಲ್ಲಿ ಒಳ್ಳೆಯ ಹೋಟೆಲುಗಳಿಗೆ ಕೊರತೆ ಇಲ್ಲ, ಆದರೆ ವಾರದ ರಜೆ ನೋಡಿಕೊಳ್ಳಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಮಂಗಳವಾರದಿಂದ ಗುರುವಾರದೊಳಗೆ ಹೋಗಿ ಅಂದದ್ದಕ್ಕೆ ಇದೂ ಒಂದು ಲಾಭ. ಸಜ್ಜನ್ ರಾವ್ ಸರ್ಕಲ್ ಹತ್ತಿರದ ತಿಂಡಿ ಬೀದಿ ಸಂಜೆ ಮೇಲೆ ರಂಗೇರೋದು, ಸಂಜೆ ರೈಲು ಹಿಡಿಯುವವರಿಗೆ ಅದು ಸಿಗೋದಿಲ್ಲ.

ಹೊರಗೆ ಹೋದರೆ ಮತ್ತೆ ಟಿಕೆಟ್ ಬೇಕೇ ಅಂತ ಕೌಂಟರ್‌ನಲ್ಲಿ ಕೇಳಿಕೊಂಡೇ ಹೊರಡಿ.

ಹಂತ 8: ಕಬ್ಬನ್ ಪಾರ್ಕ್ ಬೇಕೇ ಬೇಕು ಅನ್ನುವವರಿಗೆ

ಇನ್ನೊಂದು ದಿನ ಹೋಗಿ ಅನ್ನೋದೇ ನನ್ನ ಸಲಹೆ. ಹೋಗುವಾಗ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಪ್ರವೇಶಕ್ಕೆ ದುಡ್ಡಿಲ್ಲ. ಒಳಗೆ ರಸ್ತೆಯ ಪಕ್ಕದ ಬೆಂಚುಗಳನ್ನು ಬಿಟ್ಟು, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಕಡೆ ನಡೆದು, ಬಿದಿರು ಮೆಳೆಗಳಿರುವ ಜಾಗ ಹುಡುಕಿ. ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇರುವ ದಿನ ಆ ಕಡೆ ತಲೆ ಹಾಕಬೇಡಿ.

ಈ ಲಕ್ಷಣ ಕಂಡರೆ ತಕ್ಷಣ ಜಾಗ ಬಿಡಿ

ಗಾಳಿ ಏಕಾಏಕಿ ನಿಂತು, ಮೋಡ ಕಪ್ಪಾಗಿ, ಆಮೇಲೆ ಧೂಳಿನ ಗಾಳಿ ಎದ್ದರೆ ಹಳೆಯ ಮರದ ಕೆಳಗೆ ನಿಲ್ಲಬೇಡಿ. ಏಪ್ರಿಲ್, ಮೇ ತಿಂಗಳ ಮಳೆಗೆ ಕೊಂಬೆ ಮುರಿದು ಬೀಳುತ್ತವೆ. ಮಳೆಗೆ ಮರದಡಿ ಓಡೋದು ಎಲ್ಲರ ಅಭ್ಯಾಸ, ಇಲ್ಲಿ ಅದೇ ಅಪಾಯ. ಗೇಟಿನ ಕಡೆ ಅಥವಾ ಕಟ್ಟಡದ ಕಡೆ ನಡೆಯಿರಿ.

ಎತ್ತರದ ಕೊಂಬೆಗಳಲ್ಲಿ ಕಪ್ಪಗೆ ಜೋತುಬಿದ್ದಿದ್ದರೆ ಅದು ಹೆಜ್ಜೇನು. ಕಾಫಿ ತೋಟದಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ. ಆ ಮರದ ಕೆಳಗೆ ಹಾಸಿಕೊಂಡು ಕೂರಬೇಡಿ, ಮಕ್ಕಳು ಕಲ್ಲು ಎಸೆಯದಂತೆ ನೋಡಿಕೊಳ್ಳಿ. ಸೆಂಟು ಬೇಡ ಅಂದದ್ದು ಇದಕ್ಕೇ.

ಅಜ್ಜ ಮಾತು ಕಡಿಮೆ ಮಾಡಿದರೆ, ಮಗು ಸುಮ್ಮಸುಮ್ಮನೆ ಅಳೋಕೆ ಶುರು ಮಾಡಿದರೆ ನೀರು ಕುಡಿಸಿ, ನೆರಳಲ್ಲಿ ಕೂರಿಸಿ. ಉಳಿದದ್ದು ನೋಡದಿದ್ದರೂ ನಡೆಯುತ್ತದೆ.

ಹಂತ 9: ವಾಪಸ್

ರೈಲು ಹೊರಡುವ ಎರಡು ಗಂಟೆ ಮೊದಲು ತೋಟದಿಂದ ಏಳಿ. ಇದು ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ಗೇಟಿಗೆ ನಡೆಯಬೇಕು, ಶೌಚಾಲಯಕ್ಕೆ ಹೋಗಬೇಕು, ಯಾರೋ ಒಬ್ಬರು ಚಪ್ಪಲಿ ಹುಡುಕುತ್ತಿರುತ್ತಾರೆ, ಸಂಜೆ ಮೆಟ್ರೋದಲ್ಲಿ ಮೊದಲ ರೈಲು ಹತ್ತೋಕೆ ಆಗದಿರಬಹುದು. ಮಾದಾವರ ಕಡೆಯ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯಿರಿ. ಬೇಗ ಬಂದುಬಿಟ್ಟರೆ ನಿಲ್ದಾಣದಲ್ಲೇ ಕೂರಿ. ಪಕ್ಕದ ಮತ್ತಿಕೆರೆಯಲ್ಲಿ ಜೆಪಿ ಪಾರ್ಕ್ ಇದೆ, ಚೆನ್ನಾಗಿದೆ ನಿಜ. ಆದರೆ ರೈಲಿಗೆ ಒಂದು ಗಂಟೆ ಇರುವಾಗ ಆ ಆಸೆ ಬೇಡ.

ರೈಲು ತಪ್ಪಿದರೆ ಬಸ್ಸೇ ಗತಿ. ಹಾಸನದ ಬಸ್ಸುಗಳು ಮೆಜೆಸ್ಟಿಕ್‌ನಿಂದ ಹೊರಟು ಗೊರಗುಂಟೆಪಾಳ್ಯದ ಮೇಲೇ ಬರುತ್ತವೆ. ಹುಡುಗರಾದರೆ ಗೊರಗುಂಟೆಪಾಳ್ಯದಲ್ಲಿ ಕಾಯಬಹುದು, ಸಮಯ ಉಳಿಯುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಹಾಗೆ ಮಾಡಬೇಡಿ. ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೇ ಹೋಗಿ, ಬಸ್ಸು ಹೊರಡುವ ಜಾಗದಲ್ಲೇ ಹತ್ತಿ ಸೀಟು ಹಿಡಿಯಿರಿ. ದಾರಿಯಲ್ಲಿ ಹತ್ತಿದರೆ ಚನ್ನರಾಯಪಟ್ಟಣದಲ್ಲಿ ಜನ ಇಳಿದಾಗ ಸೀಟು ಸಿಗುತ್ತದೆ, ಅಷ್ಟು ಹೊತ್ತಿಗೆ ಹಾಸನವೇ ಬಂದುಬಿಟ್ಟಿರುತ್ತದೆ.